ಅಂಚು ಕತ್ತರಿಸಿದ ಪುಸ್ತಕಗಳು

ಶ್ರೀರಾಮಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಹೊಸ ತಿಪ್ಪಸಂದ್ರದ ಮಾರುಕಟ್ಟೆ ರಸ್ತೆಯಲ್ಲಿ, ಪಾತ್ರೆ ಅಂಗಡಿಯ ಮಹಡಿಯಲ್ಲಿ ಅವನು ನಡೆಸುತ್ತಿದ್ದ ವಾಚನಾಲಯದ ಬೀಗದ ಕೈ ಈಗ ಅವನ ಗೆಳೆಯನಾದ, ಅಷ್ಟಿಷ್ಟು ಕತೆ ಬರೆಯುವ ನನ್ನ ಹತ್ತಿರ ಇದೆ. ಬರುವವರು ಗಾಜಿನ ಬೀರುವಿಗೆ ಅಂಟಿಸಿರುವ ಕೆಂಪು ಚೀಟಿಯನ್ನು ಓದಿ, ಈ ಶ್ರೀರಾಮಪ್ಪ ಎಂಥವರು ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅವನು ವಿಮಾನ ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದು ನಿವೃತ್ತನಾದವನು. ಬಂದ ಸಾಮಾನನ್ನು ಒರೆಸಿ, ಎಣ್ಣೆ ಹಚ್ಚಿ, ನಂಬರು ಹಾಕಿಯೇ ಒಳಗಿಡಬೇಕು ಎಂಬುದು ಅವನು ಅಲ್ಲಿ ಕಲಿತ ಕ್ರಮ. ವಾಚನಾಲಯಕ್ಕೂ ಅದನ್ನೇ ತಂದ. ಹಳೆಯ ಪುಸ್ತಕ ಬಂದರೆ ಮೊದಲು ಬೈಂಡಿಂಗ್, ಆಮೇಲೆ ಬೀರು. ಪುಸ್ತಕದಲ್ಲಿ ಗೀಚುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. “ಬಸ್ ಸೀಟು ಹರಿಯೋರೂ ಇವ್ರೇ, ಪುಸ್ತಕ ಗೀಚೋರೂ ಇವ್ರೇ” ಎಂದು ಯಾರಿದ್ದರೂ ಬಿಡದೆ ಬೈಯುತ್ತಿದ್ದ.

ನಮ್ಮ ಊರಿನ ಕತೆಗಾರ ಮುನಿಆಂಜನಪ್ಪನವರು ಮಾತ್ರ ಗೀಚಿಯೇ ಬದುಕಿದವರು. ತಿಪ್ಪಸಂದ್ರದ ಸುತ್ತ ಇನ್ನೂ ರಾಗಿ ಹೊಲಗಳಿದ್ದಾಗ ಹುಟ್ಟಿ, ಆ ಹೊಲಗಳು ಸೈಟುಗಳಾದದ್ದನ್ನು ನಾಲ್ಕು ಸಂಕಲನಗಳಲ್ಲಿ ಬರೆದರು. ಕತೆ ಹೊಳೆದಾಗ ಕೈಯಲ್ಲಿ ಯಾವ ಪುಸ್ತಕವಿದ್ದರೆ ಅದರ ಅಂಚಿನಲ್ಲೇ ಬರೆಯುವುದು ಅವರ ಅಭ್ಯಾಸ. “ಕಾಗದ ಹುಡುಕೋ ಅಷ್ಟರಲ್ಲಿ ಮಾತು ಬಸ್ ಹತ್ಕೊಂಡು ಹೋಗ್ಬಿಡುತ್ತೆ” ಎನ್ನುತ್ತಿದ್ದರು. ಅಚ್ಚಾಗದ ಕತೆಗಳೆಲ್ಲ ಆ ಅಂಚುಗಳಲ್ಲೇ ಉಳಿದಿದ್ದವು. ಅವರು ಹೋದ ಮೇಲೆ ಮಗಳು ಯಮುನಾ ಅರ್ಧದಷ್ಟು ಪುಸ್ತಕಗಳನ್ನು ವಾಚನಾಲಯಕ್ಕೆ ಕೊಟ್ಟರು.

“ಇವನ್ನ ಹೆಂಗೆ ನೋಡ್ಕೋತೀರ ಅಂತ ನೋಡಿ ಉಳಿದಿದ್ದು ಕೊಡ್ತೀನಿ ಮಾಮ” ಎಂದು ನಗುತ್ತಲೇ ಹೇಳಿದರು.

ಶ್ರೀರಾಮಪ್ಪ ಮರುದಿನವೇ ಪುಸ್ತಕಗಳನ್ನು ಶಿವಾಜಿನಗರಕ್ಕೆ ಹೊತ್ತುಕೊಂಡು ಹೋದ. ರಸೆಲ್ ಮಾರುಕಟ್ಟೆಯ ಹಿಂದೆ ಫಹೀಮನ ಬೈಂಡಿಂಗ್ ಅಂಗಡಿ. ಅವರಿಬ್ಬರದು ಹಳೆಯ ಪರಿಚಯ. ಮಾಮೂಲಿನಂತೆ ಮಾಡು, ಬೆನ್ನಿಗೆ ಚಿನ್ನದ ಅಕ್ಷರ ಹಾಕು ಎಂದಷ್ಟೇ ಹೇಳಿ ಬಂದ. ಊರಿನ ಲೇಖಕರಿಗೆ ತೋರಿಸಬಹುದಾದ ಮರ್ಯಾದೆ ಅವನಿಗೆ ತಿಳಿದಂತೆ ಅದು.

ತರಲು ಹೋದಾಗ ನಾನೂ ಜೊತೆಗಿದ್ದೆ. ಮರೂನ್ ಬಣ್ಣದ ರಟ್ಟು, ಚಿನ್ನದ ಅಕ್ಷರ. ಶ್ರೀರಾಮಪ್ಪ ಒಂದನ್ನು ತೆರೆದ. ಇನ್ನೊಂದನ್ನು ತೆರೆದ. ಅಂಚಿನಲ್ಲಿದ್ದ ಸಾಲುಗಳು ಅರ್ಧಕ್ಕೆ ನಿಂತಿದ್ದವು. ಕೆಲವು ಪುಟಗಳಲ್ಲಿ ಏನೂ ಉಳಿದಿರಲಿಲ್ಲ.

“ಇಲ್ಲಿ ಬರೆದಿತ್ತಲ್ಲ ಫಹೀಮ್?”

“ಅರೆ ಸಾರ್, ಎಷ್ಟು ಗೀಚಿದ್ರು ಅಂತೀರಿ! ಗೀಚೋರನ್ನ ನೀವು ಯಾವಾಗ್ಲೂ ಬೈತೀರಲ್ಲ, ಅದಕ್ಕೇ ಮಶೀನ್‌ನಲ್ಲಿ ಸ್ವಲ್ಪ ಜಾಸ್ತೀನೇ ಕಟ್ ಹೊಡೆದೆ. ಎಲ್ಲಾ ಸಾಫ್.”

“ಕತ್ತರಿಸಿದ ಚೂರು?”

“ರದ್ದಿಯವನು ನಿನ್ನೆ ತಗೊಂಡೋದ. ಯಾಕ್ ಸಾರ್?”

ಶ್ರೀರಾಮಪ್ಪ ದುಡ್ಡು ಎಣಿಸಿಕೊಟ್ಟು ಪುಸ್ತಕಗಳನ್ನು ಕಟ್ಟಿಸಿಕೊಂಡ.

ಬಸ್ಸಿನಲ್ಲಿ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. “ಬೀರುಗೆ ಬೀಗ ಹಾಕ್ಬಿಡು ಗುರು. ಗಾಜಲ್ಲಿ ಬೆನ್ನು ತಾನೇ ಕಾಣೋದು? ಉಳಿದ ಪುಸ್ತಕ ಮೊದ್ಲು ಬರ್ಲಿ” ಎಂದೆ.

“ಸ್ಟೋರ್ಸಲ್ಲಿ ಕೆಟ್ಟ ಸಾಮಾನಿಗೆ ಏನ್ ಮಾಡ್ತಿದ್ವಿ ಗೊತ್ತಾ? ಕೆಂಪು ಚೀಟಿ ಕಟ್ತಿದ್ವಿ. ಬಚ್ಚಿಟ್ರೆ ಯಾವನೋ ತಗೊಂಡೋಗಿ ವಿಮಾನಕ್ಕೆ ಹಾಕ್ತಾನೆ.”

“ಇದು ವಿಮಾನ ಅಲ್ವಲ್ಲೋ.”

“ಸುಮ್ನಿರೋ.”

ಭಾನುವಾರ ಯಮುನಾ ಬಂದರು. ಅವರು ಕೂರುವ ಮೊದಲೇ ಶ್ರೀರಾಮಪ್ಪ ಎಲ್ಲವನ್ನೂ ಹೇಳಿಬಿಟ್ಟ. ತಪ್ಪು ತನ್ನದೆಂದ, ಫಹೀಮನ ಹೆಸರು ಎತ್ತಲಿಲ್ಲ. ಯಮುನಾ ಒಂದು ಪುಸ್ತಕ ತೆರೆದು, ಅಂಚಿನ ಸಾಲನ್ನು ಮೆಲ್ಲಗೆ ಓದಿದರು: “ಬಾವಿ ಮುಚ್ಚಿದ ದಿನ ಅವ್ವ ಕೊಡ ಹಿಡಿದು ಬಂದು...” ಅಲ್ಲಿಗೆ ಕಾಗದ ಮುಗಿದಿತ್ತು.

“ಬಂದು ಏನ್ ಮಾಡಿದ್ಲು ಮಾಮ?”

ಯಾರಿಗೂ ಗೊತ್ತಿರಲಿಲ್ಲ. ಯಮುನಾ ಪುಸ್ತಕ ಮುಚ್ಚಿಟ್ಟು, “ಉಳಿದಿದ್ದು ನಮ್ಮನೇಲೇ ಇರ್ಲಿ ಬಿಡಿ” ಎಂದು ಎದ್ದು ಹೋದರು.

ಅಂದು ಸಂಜೆ ಅವನು ಆ ಚೀಟಿಯನ್ನು ಬರೆದು ಅಂಟಿಸಿದ: “ಈ ಪುಸ್ತಕಗಳ ಅಂಚಿನಲ್ಲಿ ಮುನಿಆಂಜನಪ್ಪನವರ ಕತೆಗಳಿದ್ದವು. ಬೈಂಡಿಂಗ್ ಮಾಡಿಸಿ ಹಾಳು ಮಾಡಿದವನು ನಾನು. ಕೆ. ಶ್ರೀರಾಮಪ್ಪ.” ಬಂದವರಿಗೆಲ್ಲ ಅದನ್ನು ತೋರಿಸಿಯೇ ಬೀರು ತೆರೆಯುತ್ತಿದ್ದ. ಆಮೇಲೆ ಭೂತಗನ್ನಡಿ ಹಿಡಿದು, ಉಳಿದ ಅರ್ಧ ಸಾಲುಗಳನ್ನು ಬಿಳಿ ಹಾಳೆಗೆ ಇಳಿಸಲು ಶುರುಮಾಡಿದ. ಕತ್ತರಿಸಿಹೋದ ಕಡೆ ಜಾಗ ಖಾಲಿ ಬಿಡುತ್ತಿದ್ದ. ಒಮ್ಮೆ ನಾನು, “ಇಲ್ಲಿ ‘ಅತ್ತಳು’ ಅಂತ ಇರ್ಬೇಕು, ಹಾಕೋ” ಎಂದೆ.

“ಇರ್ಬೇಕು ಅನ್ನೋದನ್ನ ನಿನ್ನ ಕತೇಲಿ ಹಾಕ್ಕೋ ಹೋಗು” ಎಂದ.

ಹೀಗೆ ಎರಡು ವರ್ಷ ನಡೆಯಿತು. ಕೆಲಸ ಮುಗಿಯಲಿಲ್ಲ. ಒಂದು ಬೆಳಿಗ್ಗೆ ಹಾಲು ತರಲು ಹೋದವನು ಬೂತಿನ ಮುಂದೆಯೇ ಕುಸಿದುಬಿದ್ದ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಜೀವ ಹೋಗಿತ್ತು.

ವಾಚನಾಲಯದಲ್ಲಿ ಸಂತಾಪ ಸಭೆ ಇಟ್ಟಾಗ ಸಮಿತಿಯ ಸುನಿಲ್, “ಇನ್ನಾದ್ರೂ ಆ ಚೀಟಿ ಕಿತ್ತಾಕ್ರಪ್ಪ. ಸತ್ತೋರ ಮರ್ಯಾದೆ ಪ್ರಶ್ನೆ” ಎಂದರು. ನಾಲ್ಕು ಜನ ತಲೆಯಾಡಿಸಿದರು. ಒಬ್ಬರು ಅಂಟನ್ನು ನೆನೆಸಲು ನೀರನ್ನೂ ತಂದರು. ಆಗ ಯಮುನಾ ಮೆಟ್ಟಿಲು ಹತ್ತಿ ಬಂದರು. ಹಿಂದೆ ಆಟೋದವನು ಎರಡು ಮೂಟೆ ಹೊತ್ತು ತರುತ್ತಿದ್ದ. ಉಳಿದರ್ಧ ಪುಸ್ತಕಗಳು.

“ಚೀಟಿ ತೆಗೆದ್ರೆ ಇದನ್ನ ವಾಪಸ್ ತಗೊಂಡೋಗ್ತೀನಿ” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. “ಬೇರೆ ಎರಡು ಮೂರು ಕಡೆ ವಿಚಾರಿಸಿದೆ ಅಂಕಲ್. ಚೆನ್ನಾಗಿ ನೋಡ್ಕೋತೀವಿ ಅಂತ ಎಲ್ರೂ ಅಂದ್ರು. ಹಾಳಾದ್ರೆ ಹೇಳ್ತೀವಿ ಅಂತ ಒಬ್ರೂ ಅನ್ಲಿಲ್ಲ. ನೀವು ಹೇಳ್ತೀರಾ?”

ಹೇಳುತ್ತೇನೆ ಎಂದೆ.

“ಬೈಂಡ್ ಮಾತ್ರ ಮಾಡಿಸ್ಬೇಡಿ.”

ಮೂಟೆ ಬಿಚ್ಚಿ, ಪುಸ್ತಕಗಳನ್ನು ಅದೇ ಬೀರುವಿನ ಕೆಳಗಿನ ಅರೆಯಲ್ಲಿ ಜೋಡಿಸಿದ್ದೇನೆ. ಕೆಲವಕ್ಕೆ ರಟ್ಟಿಲ್ಲ. ಒಂದರ ಬೆನ್ನು ಪೂರ್ತಿ ಕಿತ್ತುಬಂದಿದೆ. ಅದನ್ನು ದಾರ ಸುತ್ತಿ ಹಾಗೆಯೇ ಇಟ್ಟಿದ್ದೇನೆ. ಶ್ರೀರಾಮಪ್ಪ ಇದ್ದಿದ್ದರೆ ಅದನ್ನು ನೋಡಿ ಅವನ ಕೈ ಸುಮ್ಮನಿರುತ್ತಿರಲಿಲ್ಲ.