ಪಳಂಪೊರಿ ಬಿಟ್ಟ ದಿನ

ಕಳೆದ ವಾರ ಮನೆಗೆ ಬಂದ ನರ್ಸೊಬ್ಬರು ಕೇಳಿದ ಒಂದೇ ಒಂದು ಪ್ರಶ್ನೆಗೆ ನನ್ನ ಕೈಯಲ್ಲಿದ್ದ ಕಾಫಿ ಲೋಟ ಜಾರಿತು. (ಲೋಟ ಸ್ಟೀಲಿನದು, ಬಚಾವಾಯಿತು. ನಾನು ಆಗಲಿಲ್ಲ.)

ನನ್ನ ಮಗಳು ಸುಮಾ ನಿಮಗೆ ಗೊತ್ತು. ಹತ್ತೊಂಬತ್ತು ವರ್ಷ, ಮಾತಿಲ್ಲ, ಹೊಸಬರು ಮುಟ್ಟಿದರೆ ಕಚ್ಚುತ್ತಾಳೆ. ಮದ್ರಾಸಿನ ಡಾಕ್ಟರು ಚೀಟಿಯಲ್ಲಿ 'ಆಟಿಸಂ' ಎಂದು ಬರೆದುಕೊಟ್ಟಿದ್ದಾರೆ. ಈಗ ತಿರುವನಂತಪುರದ ನಮ್ಮ ಓಣಿಗೇ ಕಾಲರಾ ಬಂದಿದೆ. ಆಸ್ಪತ್ರೆಗೆ ಹೋದ ಪಕ್ಕದ ಮನೆಯ ಅಜ್ಜಿ ಮರಳಲಿಲ್ಲ. ಸುಮಾಗೆ ಇಂಜೆಕ್ಷನ್ ಹಾಕಿಸಲೇಬೇಕು. ಹೇಗೆ?

ನರ್ಸ್ ಏಲಿಯಮ್ಮ ಮೊದಲ ದಿನ ಸೂಜಿಯನ್ನೇ ತರಲಿಲ್ಲ. ಸಂಜೆ ಸುಮಾ ಅಕ್ಕಿ ಆರಿಸುವಾಗ ಮೊರದ ಆಚೆ ಕೂತು ತಾವೂ ಕಲ್ಲು ಹೆಕ್ಕಿದರು.

"ನಾಲ್ಕು ಜನ ಹಿಡ್ಕೋಬೇಕು ಸಿಸ್ಟರ್," ಎಂದೆ. "ಹೋದ ಸಲ ಕಳಮಶ್ಶೇರಿಯ ಇಂಜೆಕ್ಷನ್ ಕ್ಯಾಂಪಿನಲ್ಲಿ ಹಾಗೇ ಮಾಡಿದ್ದು."

"ನಾಲ್ಕು ಜನ ಹಿಡಿದ್ರೆ ನಾನೂ ಕಚ್ಚುತ್ತೇನೆ ಚೇಚಿ. ಇವಳಿಗೆ ಇಷ್ಟದ ತಿಂಡಿ ಯಾವುದು?" (ಚೇಚಿ ಎಂದರೆ ಇಲ್ಲಿ ಅಕ್ಕ.)

"ಪಳಂಪೊರಿ ಅಂದ್ರೆ ಪ್ರಾಣ ಬಿಡ್ತಿದ್ಲು. ಈಗ ಕಂಡ್ರೆ ತಟ್ಟೆ ಎಸೀತಾಳೆ." (ನಮ್ಮ ಬಾಳೆಹಣ್ಣಿನ ಬಜ್ಜಿಗೆ ಇಲ್ಲಿಯ ಹೆಸರು.)

"ಯಾವತ್ತಿನಿಂದ?"

ಇದೇ ಆ ಪ್ರಶ್ನೆ.

ಹಾಲಿನವನು ತಡವಾಗಿ ಬಂದದ್ದನ್ನೂ ಡೈರಿಯಲ್ಲಿ ಬರೆದಿಡುವವಳು ನಾನು. ನಾಲ್ಕು ವರ್ಷ ಹಿಂದಿನದನ್ನು ತೆಗೆದೆ. 'ಪಳಂಪೊರಿ ಕೊಡಿಸುತ್ತೇವೆಂದು ಹೇಳಿ ಸುಮಾಳನ್ನು ಕ್ಯಾಂಪಿಗೆ ಕರೆದೊಯ್ದೆವು. ಇಂಜೆಕ್ಷನ್ ಆಯಿತು. ನಾನು ಅವಳ ಕಾಲ ಮೇಲೆ ಕೂತಿದ್ದೆ.' ಮಾರನೆಯ ದಿನ: 'ಪಳಂಪೊರಿ ಮುಟ್ಟಲಿಲ್ಲ. ಹಣ್ಣು ಸರಿಯಿರಲಿಲ್ಲವೇನೋ.'

ಅಕ್ಷರ ನನ್ನದೇ. ನಾಲ್ಕು ವರ್ಷದಿಂದ ನಾನು ಬಾಳೆಹಣ್ಣನ್ನು ದೂರುತ್ತಿದ್ದೇನೆ.

ಎರಡನೆಯ ದಿನ ಏಲಿಯಮ್ಮ ಸೂಜಿಯಿಲ್ಲದ ಸಿರಿಂಜನ್ನು ಮೊರದಲ್ಲಿಟ್ಟರು. ಸುಮಾ ಅದನ್ನು ಎತ್ತಿ ಕಲ್ಲಿನ ಗುಡ್ಡೆಗೆ ಸೇರಿಸಿದಳು. ಮೂರನೆಯ ದಿನ ತಾನೇ ಎಳೆದು, ಒತ್ತಿ ನೋಡಿದಳು. ನಾಲ್ಕನೆಯ ದಿನ ಸೂಜಿಯೂ ಬಂತು.

"ಚುಚ್ಚುತ್ತೇನೆ, ನೋವಾಗುತ್ತೆ, ಹತ್ತು ಎಣಿಸುವಷ್ಟು ಹೊತ್ತು. ಇದನ್ನ ನಿಮ್ಮ ಭಾಷೇಲಿ ನೀವೇ ಹೇಳಿ ಚೇಚಿ."

ನಾನು ಸುಮಾ ಕಡೆ ತಿರುಗಿದೆ. "ಏನೂ ಆಗಲ್ಲ ಪುಟ್ಟಿ," ಎಂದುಬಿಟ್ಟೆ.

ಮೊರ ಅಂಗಳಕ್ಕೆ ಹಾರಿತು. ಏಲಿಯಮ್ಮ ಅವಳನ್ನು ಹಿಡಿಯಲಿಲ್ಲ. ಚೀಲ ಎತ್ತಿಕೊಂಡು, "ನಾಳೆ ಬರ್ತೀನಿ. ನೀವು ಇವತ್ತು ಪ್ರಾಕ್ಟೀಸ್ ಮಾಡಿ," ಎಂದರು.

ಐದನೆಯ ದಿನ ಹೇಳಿದೆ. "ನೋವಾಗುತ್ತೆ ಪುಟ್ಟಿ. ಹತ್ತು ಎಣಿಸೋವರೆಗೆ."

ಸುಮಾ ನನ್ನನ್ನೇ ತುಂಬ ಹೊತ್ತು ನೋಡಿದಳು. ಆಮೇಲೆ ಮುಖವನ್ನು ಗೋಡೆಗೆ ತಿರುಗಿಸಿ ತೋಳು ಕೊಟ್ಟಳು. ಏಳಕ್ಕೇ ಸೂಜಿ ಹೊರಬಂದಿತ್ತು. ಹೇಳಿದ ಮಾತು ಹೇಳಿದ್ದೇ ಎಂದು ಏಲಿಯಮ್ಮ ಹತ್ತರವರೆಗೂ ಎಣಿಸಿದರು.

ಇವಳಿಗೆ ಅರ್ಥವಾಗುವುದಿಲ್ಲ ಎಂದು ಹತ್ತೊಂಬತ್ತು ವರ್ಷ ನನಗೆ ಹೇಳುತ್ತಿದ್ದವರು ಯಾರು?