ಒಳಮಗ್ಗುಲು ನೋಡಿ ಕೊಂಡ ಬಟ್ಟೆಗಳು

ಮದುವೆಗೆ ಮುಂಚೆ ಆರು ವರ್ಷ ನಾನು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಚೆಕ್ಕಿಂಗ್ ಕೆಲಸ ಮಾಡಿದೆ. ನಮ್ಮೂರು ರಾಮಾಪುರದಿಂದ ಆಚೆ, ಕಾಡಿನ ಅಂಚಿನಲ್ಲಿ. ಅಲ್ಲಿಂದ ದಿನಾ ಹೋಗಿ ಬರುವುದು ಆಗದ ಮಾತು. ಹಾಗಾಗಿ ಕೊಳ್ಳೇಗಾಲದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕಂಪನಿಯ ವ್ಯಾನು ಹತ್ತುತ್ತಿದ್ದೆ. ಹೊಲಿದು ಮುಗಿದ ಅಂಗಿ ನನ್ನ ಮೇಜಿಗೆ ಬರುತ್ತಿತ್ತು. ಮೊದಲು ಒಳಮಗ್ಗುಲು ತಿರುಗಿಸಬೇಕು. ಕಂಕುಳ ಹೊಲಿಗೆ ಎಳೆದು ನೋಡಬೇಕು, ಕಾಲರಿನ ಎರಡು ತುದಿ ಜೋಡಿಸಿ ಸಮ ಇವೆಯೇ ನೋಡಬೇಕು, ಕಾಜಾದ ಸುತ್ತ ದಾರ ಬಿಟ್ಟಿದೆಯೇ ಎಂದು ಬೆರಳಾಡಿಸಬೇಕು. ತಪ್ಪು ಕಂಡಲ್ಲಿ ಬಾಣದ ಗುರುತಿನ ಸಣ್ಣ ಸ್ಟಿಕ್ಕರ್ ಅಂಟಿಸಿ ಪಕ್ಕಕ್ಕೆ ಹಾಕಬೇಕು. ನಾನು ಪಾಸ್ ಮಾಡಿದ ಅಂಗಿ ಮುಂದಿನ ಮೇಜಿನಿಂದ ವಾಪಸ್ ಬಂದದ್ದು ಬಹಳ ಅಪರೂಪ. ಇದನ್ನು ಜಂಬಕ್ಕೇ ಹೇಳುತ್ತಿದ್ದೇನೆ.

ಆ ಆರು ವರ್ಷವೂ ನನ್ನ ಮೈಮೇಲಿದ್ದದ್ದು ಮಾತ್ರ ಬಸ್‌ಸ್ಟ್ಯಾಂಡಿನ ಹತ್ತಿರ ರಾಶಿ ಹಾಕಿ ಮಾರುವ ಚೂಡಿದಾರ. ಎರಡು ಒಗೆತಕ್ಕೆ ಬಣ್ಣ ಬಿಡುವಂಥದ್ದು. ಅದನ್ನು ಯಾವತ್ತೂ ತಿರುಗಿಸಿ ನೋಡಿದವಳಲ್ಲ. ಒಳ್ಳೆಯ ಬಟ್ಟೆ ಬೇರೆ ಯಾರದೋ, ಅದನ್ನು ಮುಟ್ಟಿ ನೋಡುವುದಷ್ಟೇ ನನ್ನ ಕೆಲಸ ಎಂದು ಮನಸ್ಸು ಒಪ್ಪಿಕೊಂಡುಬಿಟ್ಟಿತ್ತು.

ಮದುವೆಯಾಗಿ ಹನೂರಿಗೆ ಬಂದೆ. ನನ್ನ ಗಂಡ ಅಲ್ಲಿನ ಹೈಸ್ಕೂಲಿನಲ್ಲಿ ಗುಮಾಸ್ತರು. ಮನೆಯಲ್ಲಿ ಅತ್ತೆ, ನಾವಿಬ್ಬರು, ಆಮೇಲೆ ಮಗಳು. ತವರಿನವರು ಕೊಟ್ಟ ಸ್ಟೀಲ್ ಬೀರು ಮೂರೇ ವರ್ಷದಲ್ಲಿ ತುಂಬಿಹೋಯಿತು. ಸ್ಕೂಟರಿನಲ್ಲಿ ಮೂಟೆ ಕಟ್ಟಿಕೊಂಡು ಬರುವ ಸೀರೆಯವನು ಬೀದಿಗೆ ಬಂದರೆ ಅತ್ತೆ ಎರಡು ಸೀರೆ ತೆಗೆದುಕೊಳ್ಳುತ್ತಿದ್ದರು. ಹಬ್ಬಕ್ಕೊಂದು, ಆಫರಿಗೊಂದು, ಯಾರೋ ಮದುವೆಯಲ್ಲಿ ಕೊಟ್ಟದ್ದೊಂದು. ಬೀರಿನ ಬಾಗಿಲು ಮುಚ್ಚಲು ಮೊಣಕಾಲು ಕೊಡಬೇಕಾಗಿತ್ತು.

ಒಂದು ಭಾನುವಾರ ಅಗರದಲ್ಲಿ ನಮ್ಮ ಯಜಮಾನರ ಅಕ್ಕನ ಮಗಳ ನಿಶ್ಚಿತಾರ್ಥ. ಅಗರ ಅವರ ಹುಟ್ಟೂರು, ನೆಂಟರೆಲ್ಲ ಇರುವುದು ಅಲ್ಲೇ. ಬೆಳಿಗ್ಗೆ ಹೊರಡುವ ಹೊತ್ತಿಗೆ ಅವರ ಹೊಸ ಅಂಗಿಗೆ ಇಸ್ತ್ರಿ ಇಟ್ಟೆ. ಒಂದೇ ಕ್ಷಣ, ಬೆನ್ನಿನ ಭಾಗ ಕರಗಿ ಇಸ್ತ್ರಿಪೆಟ್ಟಿಗೆಗೆ ಅಂಟಿಕೊಂಡಿತು. ಇನ್ನೊಂದು ತೆಗೆದರೆ ಕಾಲರ್ ಗುಳ್ಳೆ ಎದ್ದಿದೆ. ಮತ್ತೊಂದರ ಕಂಕುಳು ಬಿಟ್ಟಿದೆ. ನನ್ನ ಸೀರೆಯ ಜರಿ ಕಪ್ಪಾಗಿತ್ತು. ಅಷ್ಟು ಬಟ್ಟೆ ಮಂಚದ ಮೇಲೆ ಬಿದ್ದಿತ್ತು, ಉಟ್ಟುಕೊಂಡು ಹೊರಡಲು ಒಂದೂ ಇಲ್ಲ. ಕೊನೆಗೆ ಅವರು ಸ್ಕೂಲಿಗೆ ಹಾಕುವ ಅಂಗಿಯಲ್ಲೇ ಬಂದರು. ಅಂಗಿ ಸುಟ್ಟದ್ದಕ್ಕೆ ಅವರು ಬೈಯಲಿಲ್ಲ, ಆದರೆ ನನಗೆ ನನ್ನ ಮೇಲೇ ಸಿಟ್ಟು. ಸಾವಿರಾರು ಅಂಗಿಗಳ ತಪ್ಪು ಹಿಡಿದವಳು ಗಂಡನ ಒಂದು ಅಂಗಿಯನ್ನೂ ಸರಿಯಾಗಿ ನೋಡಿ ಕೊಂಡಿರಲಿಲ್ಲ.

ಮುಂದಿನ ಭಾನುವಾರ ಬೀರು ಪೂರ್ತಿ ಖಾಲಿ ಮಾಡಿದೆ. ಚಾಪೆ ಹಾಸಿ ಕೂತು, ಫ್ಯಾಕ್ಟರಿಯಲ್ಲಿ ನೋಡುತ್ತಿದ್ದ ಹಾಗೆ ಒಂದೊಂದೇ ಬಟ್ಟೆ ತಿರುಗಿಸಿ ನೋಡುತ್ತಾ ಹೋದೆ. ಬಾಣದ ಸ್ಟಿಕ್ಕರ್ ಇರಲಿಲ್ಲ. ಹಣೆಬೊಟ್ಟಿನ ಸ್ಟಿಕ್ಕರುಗಳನ್ನೇ ತಪ್ಪಿದ್ದ ಕಡೆ ಅಂಟಿಸಿದೆ. ಮಧ್ಯಾಹ್ನದ ಹೊತ್ತಿಗೆ ಮೂರು ರಾಶಿಯಾಯಿತು. ಹಾಗೇ ಇಟ್ಟುಕೊಳ್ಳುವಂಥದ್ದು ಒಂದು ತೆಕ್ಕೆಯಷ್ಟು, ರಿಪೇರಿ ಮಾಡುವಂಥದ್ದು ಸ್ವಲ್ಪ, ಉಳಿದದ್ದೆಲ್ಲ ಬೇಡವೆಂದು ತೆಗೆದ ಮೂರನೆಯ ರಾಶಿಗೆ. ಆ ರಾಶಿಯಲ್ಲಿ ಅತ್ತೆಯ ತಂಗಿ ಕೊಟ್ಟ ಸೀರೆಯೂ ಇತ್ತು. ಅತ್ತೆ ಅದನ್ನು ಎತ್ತಿಕೊಂಡು ಮೈತುಂಬ ಅಂಟಿದ್ದ ಬೊಟ್ಟುಗಳನ್ನು ನೋಡಿದರು.

"ಪ್ರೀತಿಲಿ ಕೊಟ್ಟ ಸೀರೆಗೂ ಚಿಕ್ಕಿ ಅಂಟ್ಸಿದ್ದೀಯಲ್ಲವ್ವ. ನಾಳಿಕ ನನ್ಗೂ ಅಂಟಿಸ್ತೀಯಾ ನೀನು?"

ಅವರು ಸೀರೆ ಮಡಿಸಿಕೊಂಡು ಹೋಗಿ ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಒಂದು ವಾರ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತು.

ಯಜಮಾನರ ಜೊತೆ ಕೂತು ಒಂದು ಒಪ್ಪಂದ ಮಾಡಿಕೊಂಡೆ. ಎರಡು ತಿಂಗಳಿಗೆ ಒಂದೇ ಬಟ್ಟೆ, ಅದು ಮನೆಯ ಒಬ್ಬರಿಗೆ. ಬಿಡಿಬಿಡಿಯಾಗಿ ಹೋಗುತ್ತಿದ್ದ ದುಡ್ಡು ಒಟ್ಟು ಸೇರಿದರೆ ಒಂದು ಒಳ್ಳೆಯದು ಬರುತ್ತದೆ, ಬಂದದ್ದು ಬಾಳುತ್ತದೆ. ಅವರು ಒಪ್ಪಿದರು. ಮೊದಲ ಸರದಿ ಅವರದೇ, ಒಂದು ಬಿಳಿ ಕಾಟನ್ ಅಂಗಿ.

ಕೊಳ್ಳೇಗಾಲದ ಅಂಗಡಿಯಲ್ಲಿ ಥಾನುಗಳನ್ನು ಬಿಚ್ಚಿಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಮುಷ್ಟಿಯಲ್ಲಿ ಹಿಂಡಿ ಬಿಟ್ಟು, ಸುಕ್ಕು ಎಷ್ಟು ಹೊತ್ತು ನಿಲ್ಲುತ್ತದೆ ನೋಡಿದೆ. ಅಂಚನ್ನು ಬೆರಳಿಂದ ಸವರಿದೆ. ಅಂಗಡಿಯ ಹುಡುಗಿ ಬೇಸತ್ತು ಬೇರೆ ಗಿರಾಕಿಯ ಕಡೆ ಹೋದಳು. ಎರಡನೆಯ ಸಲ ಹೋದಾಗಲೇ ನನಗೆ ಒಪ್ಪಿಗೆಯಾದ ಬಟ್ಟೆ ಸಿಕ್ಕಿದ್ದು. ಮನೆಗೆ ತಂದು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿದೆ, ಕುಗ್ಗುವುದು ಹೊಲಿಗೆಗೆ ಮುಂಚೆಯೇ ಕುಗ್ಗಿಹೋಗಲಿ ಎಂದು.

ಹೊಲಿಯಲು ಕೊಟ್ಟದ್ದು ಯಳಂದೂರಿನ ಒಬ್ಬ ಹಿರಿಯ ಟೈಲರಿಗೆ. ಅಗರಕ್ಕೆ ಹೋದರೆ ಅಲ್ಲಿಂದ ಹತ್ತಿರವೇ. ಹೊಲಿಗೆ ಹತ್ತಿರ ಹತ್ತಿರ ಇರಲಿ, ಪಕ್ಕದಲ್ಲಿ ಒಳಗೆ ಒಂದಿಂಚು ಬಟ್ಟೆ ಬಿಡಿ, ಮುಂದೆ ದಪ್ಪ ಆದರೆ ಬಿಚ್ಚಿಕೊಳ್ಳಬಹುದು ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ನಲವತ್ತು ವರ್ಸದಿಂದ ಮಿಸನ್ ತುಳೀತಾವ್ನಿ ಕನವ್ವ. ನೀನು ಏಳ್ಕೊಡ್ಬೇಕಾ ನನ್ಗ?"

ಹದಿನೈದು ದಿನ ಬಿಟ್ಟು ಹೋದಾಗ ಅಂಗಿ ಸಿದ್ಧವಾಗಿತ್ತು. ಅವರ ಎದುರಿಗೇ ತಿರುಗಿಸಿದೆ. ಎಲ್ಲ ಸರಿ, ಎಡ ಭುಜದಲ್ಲಿ ಮಾತ್ರ ಹೊಲಿಗೆ ಜಾರಿ ಬಟ್ಟೆಯ ತುದಿಗೆ ಬಂದಿತ್ತು. ಹಣೆಯ ಬೊಟ್ಟು ತೆಗೆದು ಅಲ್ಲಿ ಅಂಟಿಸಿ ಅವರ ಮುಂದಿಟ್ಟೆ. ಅವರು ಬ್ಲೇಡು ತೆಗೆದುಕೊಂಡು ಹೊಲಿಗೆ ಬಿಚ್ಚಿ, ಅರ್ಧ ಗಂಟೆ ನನ್ನನ್ನು ಕೂರಿಸಿಕೊಂಡು ಸರಿಮಾಡಿ ಕೊಟ್ಟರು. ಆಮೇಲೆ ಎಲ್ಲಿ ಕಲಿತದ್ದು ಎಂದು ಕೇಳಿದರು. ಹೇಳಿದೆ. ಅಂದಿನಿಂದ ಇಂದಿನವರೆಗೆ ನಮ್ಮ ಮನೆಯ ಬಟ್ಟೆ ಅವರ ಕೈ ಬಿಟ್ಟಿಲ್ಲ. ನಿನ್ನ ಬಟ್ಟೆಯನ್ನು ಮಾತ್ರ ಅವಸರವಿಲ್ಲದ ದಿನವೇ ಹಿಡಿಯುತ್ತೇನೆ ಎನ್ನುತ್ತಾರೆ.

ಆ ಬಿಳಿ ಅಂಗಿ ಹಾಕಿಕೊಂಡು ಯಜಮಾನರು ಮೊದಲ ದಿನ ಸ್ಕೂಲಿಗೆ ಹೊರಟಾಗ ಬೀದಿಯ ತಿರುವಿನವರೆಗೂ ನೋಡುತ್ತಾ ನಿಂತೆ. ಫ್ಯಾಕ್ಟರಿಯಲ್ಲಿ ನಾನು ಪಾಸ್ ಮಾಡಿದ ಅಂಗಿಗಳು ಪೆಟ್ಟಿಗೆ ಸೇರಿ ಹಡಗು ಹತ್ತುತ್ತಿದ್ದವು. ಯಾರ ಮೈಮೇಲೂ ಅವನ್ನು ನೋಡಿರಲಿಲ್ಲ. ಭುಜ ಕೂತ ಬಗೆ, ನಡೆಯುವಾಗ ಬೆನ್ನು ಎಳೆಯದೆ ಇದ್ದದ್ದು, ಅದನ್ನು ಕಂಡದ್ದು ಅಂದೇ.

ಎರಡು ವರ್ಷ ಕಳೆಯುವಷ್ಟರಲ್ಲಿ ಅವರಿಗೆ ನಾಲ್ಕು ಅಂಗಿ, ಎರಡು ಪ್ಯಾಂಟು, ನನಗೆ ಮೂರು ಕಾಟನ್ ಸೀರೆ, ಮದುವೆ ಮುಂಜಿಗೆಂದು ಒಂದು ಹಸಿರು ರೇಷ್ಮೆ, ಮಗಳಿಗೆ ಕೆಳಗೆ ಮಡಿಕೆ ಬಿಟ್ಟು ಹೊಲಿಸಿದ ಎರಡು ಲಂಗ. ಅತ್ತೆಯ ಸರದಿ ಬಂದಾಗಲೆಲ್ಲ ನನಗೆ ಬೇಡ ಎಂದು ಬಿಡುತ್ತಿದ್ದರು.

ಹಸಿರು ರೇಷ್ಮೆಯನ್ನು ಅಗರದ ಮೂರನೆಯ ಮದುವೆಗೂ ಉಟ್ಟುಕೊಂಡು ಹೋದೆ. ಊಟದ ಪಂಕ್ತಿಯಲ್ಲಿ ನಮ್ಮವರ ಸೋದರತ್ತೆ ಎಲ್ಲರಿಗೂ ಕೇಳುವ ಹಾಗೆ, ಏನವ್ವ, ನಿನ್ನ ಗಂಡ ಈ ಸೀರೆ ಬಿಟ್ಟು ಬೇರೆ ಕೊಡಿಸಲೇ ಇಲ್ಲವೇ ಎಂದರು. ನಾಲ್ಕು ಜನ ನಕ್ಕರು. ಮುಖ ಬಿಸಿಯಾಯಿತು. ಪಕ್ಕದಲ್ಲಿ ಕೂತಿದ್ದ ಅತ್ತೆ ತಲೆಯೆತ್ತದೆ ಊಟ ಮಾಡಿದರು. ವಾಪಸ್ ಬರುವಾಗ ಬಸ್ಸಿನಲ್ಲೂ ಕಿಟಕಿಯ ಕಡೆ ತಿರುಗಿ ಕೂತಿದ್ದರು. ನನ್ನಿಂದ ಅವರಿಗೆ ನಾಲ್ಕು ಜನರ ಮುಂದೆ ಅವಮಾನವಾಯಿತು, ಇನ್ನು ಈ ಒಪ್ಪಂದ ಮುಗಿಯಿತು ಎಂದುಕೊಂಡೆ.

ಎರಡು ದಿನ ಬಿಟ್ಟು ಅತ್ತೆ ಅಡುಗೆಮನೆಗೆ ಬಂದು ಬಾಗಿಲಲ್ಲಿ ನಿಂತರು. ಆ ಮದುವೆಯಲ್ಲಿ ಸೋದರತ್ತೆ ಉಟ್ಟಿದ್ದ ಹೊಸ ಸೀರೆಯ ಜರಿಯನ್ನು ತಾವು ಕೈಯಲ್ಲಿ ಹಿಡಿದು ನೋಡಿದರಂತೆ, ಉಗುರಿಗೆ ಎದ್ದು ಬಂತಂತೆ. ಅಷ್ಟು ಹೇಳಿ ಮೆಲ್ಲಗೆ ಅಂದರು:

"ನಿನ್ ಸೀರೆ ಮೂರು ಮದ್ವೆ ಕಂಡ್ರೂ ಅಂಗೇ ಅದ ಕನ ಮಗ. ನನ್ಗೂ ಅಂತದೊಂದು ಬೇಕು. ಪಿಂಚಣಿ ದುಡ್ಡು ಮಡಗಿವ್ನಿ."

ಕೊಳ್ಳೇಗಾಲದಲ್ಲಿ ಚಿಕ್ಕಮ್ಮನ ಬೀದಿಯ ಹಿಂದೆ ಒಂದು ಮಗ್ಗದ ಮನೆಯಿದೆ. ಗಂಡ ಹೆಂಡತಿ ಇಬ್ಬರೂ ನೇಯುತ್ತಾರೆ. ಅಲ್ಲಿಗೇ ಕರೆದುಕೊಂಡು ಹೋದೆ. ಅತ್ತೆ ಚಾಪೆಯ ಮೇಲೆ ಕೂತು, ನೇಕಾರರ ಹೆಂಡತಿ ತೋರಿಸಿದ ಪ್ರತಿಯೊಂದು ಸೀರೆಯನ್ನೂ ಮೊದಲು ಹಿಂದುಮುಂದು ಮಾಡಿ ನೋಡಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮನಸ್ಸಿಗೆ ಬಂದದ್ದು ಕುಂಕುಮ ಬಣ್ಣದ್ದೊಂದು, ಆದರೆ ಅವರು ಕೂಡಿಟ್ಟ ದುಡ್ಡಿಗೆ ಅದು ಎಟಕುತ್ತಿರಲಿಲ್ಲ. ಉಳಿದದ್ದನ್ನು ನಾನು ಹಾಕುತ್ತೇನೆ ಎಂದೆ. ಬೇಡ ಎಂದರು.

ಆಗ ಆ ಹೆಂಗಸು ಒಳಗಿನಿಂದ ಅದೇ ಬಣ್ಣದ ಇನ್ನೊಂದು ಸೀರೆ ತಂದರು. ಒಂದು ತುದಿಯಲ್ಲಿ ಅಡ್ಡ ನೇಯುವ ಹೊಕ್ಕಿನ ಎಳೆ ತಪ್ಪಿ ಬೆರಳುದ್ದಕ್ಕೆ ತೆಳ್ಳನೆ ಗೆರೆ ಬಿದ್ದಿತ್ತು. ಅಂಗಡಿಯವರು ಬೇಡವೆಂದು ಬಿಟ್ಟದ್ದಂತೆ, ಬೆಲೆ ಇಳಿಸಿ ಕೊಡುತ್ತೇನೆ ಎಂದರು. ನನ್ನ ಕಣ್ಣು ನೇರ ಆ ಗೆರೆಯ ಮೇಲೆ ಹೋಯಿತು. ಬೇಡ ಅತ್ತೆ, ಇದು ರಿಜೆಕ್ಟು ಎಂದೆ. ಯೋಚನೆ ಮಾಡದೆ ಬಂದ ಮಾತು ಅದು.

ಅತ್ತೆ ಗೆರೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎರಡೂ ಕಡೆಯಿಂದ ಮೆಲ್ಲಗೆ ಎಳೆದು, ಎಳೆ ಬಿಚ್ಚುವುದಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಮತ್ತೆ ಎದ್ದು ನಿಂತು, ಆ ತುದಿಯನ್ನು ಉಟ್ಟ ಸೀರೆಯ ಮೇಲೆಯೇ ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಸುತ್ತು ಸುತ್ತಿದರು. ಗೆರೆ ಎಲ್ಲಿತ್ತೋ ಕಾಣಲೇ ಇಲ್ಲ.

"ಇದು ಒಳಕ್ಕ ಓಗೋ ತುದಿ ಕನವ್ವ. ಯಾರು ನೋಡಾರು? ಮಿಕ್ಕಿದ್ದೆಲ್ಲ ಅಪ್ಪಟ ಅದ."

ಆರು ವರ್ಷ ನಾನು ತಪ್ಪು ಎಲ್ಲಿದೆ ಎಂದು ಮಾತ್ರ ಹುಡುಕಿದ್ದೆ. ಆ ತಪ್ಪು ಉಡುವವರಿಗೆ ತೊಂದರೆ ಕೊಡುತ್ತದೆಯೇ ಎಂದು ಕೇಳುವುದು ನನ್ನ ಕೆಲಸವಾಗಿರಲಿಲ್ಲ. ಓದು ಬರಹ ಇಲ್ಲದ, ಫ್ಯಾಕ್ಟರಿಯ ಬಾಗಿಲೂ ನೋಡದ ಅತ್ತೆ ಅದನ್ನು ಒಂದು ಸುತ್ತಿನಲ್ಲಿ ತೋರಿಸಿಬಿಟ್ಟರು. ಸೋತದ್ದಕ್ಕೆ ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಸೀರೆ ಕೊಂಡ ಮೇಲೂ ಅವರ ಹತ್ತಿರ ರವಿಕೆ ಹೊಲಿಸುವಷ್ಟು ದುಡ್ಡು ಉಳಿಯಿತು.

ಆಮೇಲಿಂದ ಬಟ್ಟೆ ತೆಗೆಯಲು ಹೋಗುವಾಗ ಇಬ್ಬರೂ ಜೊತೆಗೇ ಹೋಗುತ್ತೇವೆ. ನಾನು ಹೊಲಿಗೆ ನೋಡುತ್ತೇನೆ, ಅವರು ಬೆಲೆ ಇಳಿಸುತ್ತಾರೆ. ಕಳೆದ ಚಳಿಗಾಲ ಒಡೆಯರಪಾಳ್ಯದಲ್ಲಿ ನೆಲೆಸಿರುವ ಟಿಬೆಟಿಯನ್ನರ ಹತ್ತಿರ ಯಜಮಾನರಿಗೆ ಉಣ್ಣೆಯ ಸ್ವೆಟರ್ ತೆಗೆದಾಗಲೂ ಹಾಗೇ. ಮಾರುವ ಅಜ್ಜಿಗೂ ಅತ್ತೆಗೂ ಒಂದು ಗಂಟೆ ಚೌಕಾಸಿ ನಡೆದು, ಕೊನೆಗೆ ಇಬ್ಬರೂ ಒಟ್ಟಿಗೆ ಕೂತು ಟೀ ಕುಡಿದರು.

ಈ ವರ್ಷ ನಮ್ಮವರ ಸ್ಕೂಲಿಗೆ ಹೊಸದಾಗಿ ಬಂದ ಮೇಡಂ ಒಬ್ಬರು ಅವರಿಂದ ನನ್ನ ವಿಷಯ ಕೇಳಿ ನಮ್ಮ ಮನೆ ಹುಡುಕಿಕೊಂಡು ಬಂದರು. ಮೊದಲ ಸಂಬಳ, ದಿನಾ ಉಡಲು ಸೀರೆ ಬೇಕು, ಐದಾರು ತೆಗೆಯೋಣ ಎಂದಿದ್ದೇನೆ, ನೀವು ಜೊತೆಗೆ ಬರುತ್ತೀರಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಅಂಗಳದಲ್ಲಿದ್ದರು. ಐದು ಬೇಡ, ಎರಡು ತಗೋ, ಬಾಳಿಕೆ ಬರೋದು ತಗೋ ಎಂದು ಆ ಹುಡುಗಿಗೆ ಹೇಳುತ್ತಾ, ಬಸ್‌ಸ್ಟಾಪಿನ ಕಡೆ ನನಗಿಂತ ಮುಂದೆ ನಡೆದರು.