ಶಾಲಿಗಿಂತ ಒಂದು ಖೋಲಿ

ಬೆಳಗಿನ ಬಸ್ಸಿಗೆ ಹುಕ್ಕೇರಿಯಿಂದ ಗೋಕಾಕಕ್ಕೆ ಹೊರಟೆ. ನಮ್ಮ ಮಹಿಳಾ ಸಂಘದ ಸನ್ಮಾನಕ್ಕೆ ಖಾನಾಪುರದ ಕಾಡಿನ ಕಡೆಯಿಂದ ಬರುತ್ತಿದ್ದ ಮಂಗಲಾಬಾಯಿಯವರನ್ನು ಕರೆತರುವ ಕೆಲಸ ನನ್ನದು. ಹೆಂಗಸರಿಗೆ ಟಿಕೆಟ್ ಸೊನ್ನೆ, ಸೀಟು ಮಾತ್ರ ಪುಣ್ಯ ಮಾಡಿದವರಿಗೆ. ಘೋಡಗೇರಿ ದಾಟುವವರೆಗೂ ನಿಂತೇ ಇದ್ದೆ.

ಮಂಗಲಾಬಾಯಿ ಸಿದ್ದಿ ಜನಾಂಗದವರು. ಆಫ್ರಿಕಾದಿಂದ ಬಂದ ಅವರ ಹಿರಿಯರು ಇಲ್ಲಿಯವರೇ ಆಗಿ ಎಷ್ಟೋ ತಲೆಮಾರುಗಳಾದವು. ಊರ ಮಕ್ಕಳ ಜಾತಿ ಪ್ರಮಾಣಪತ್ರಕ್ಕಾಗಿ ವರ್ಷಗಟ್ಟಲೆ ಕಚೇರಿ ಮೆಟ್ಟಿಲು ಸವೆಸಿದವರು, ಹುಡುಗಿಯರನ್ನು ಕೂಲಿಯಿಂದ ಬಿಡಿಸಿ ಶಾಲೆಗೆ ಹಚ್ಚಿದವರು. ಗೋಕಾಕ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವಾಕೆ ಅವರನ್ನು ಮೇಲಿಂದ ಕೆಳಗೆ ನೋಡಿ, "ಯಾವ ದೇಶದವರ್ರಿ?" ಎಂದಳು.

"ಖಾನಾಪುರ ದೇಶರಿ. ಹಣ್ಣು ಹೆಂಗ ಡಜನ್?" ಎಂದರು ಮಂಗಲಾಬಾಯಿ.

ಹುಕ್ಕೇರಿಯ ಸನ್ಮಾನ ಮರುದಿನ; ಅದಕ್ಕೂ ಮೊದಲು ಮೂಡಲಗಿಯಲ್ಲೊಂದು ಕಾರ್ಯಕ್ರಮ. ನೆತ್ತಿ ಸುಡುವ ಬಿಸಿಲು, ಬಾಗಿಲಲ್ಲೇ ಮಿರ್ಚಿ ಭಜಿ, ಚಹಾ. ಹಾರ ಹಾಕಿದ್ದೇ ತಡ, ಸಂಘಟಕರು ಮೈಕಿನಲ್ಲಿ, "ಈಗ ಬಾಯಿಯವರು ಸಿದ್ದಿ ಕುಣಿತ ತೋರಸ್ತಾರ" ಎಂದುಬಿಟ್ಟರು.

"ಬ್ಯಾರೆ ಯಾರರೆ ಭಾಷಣಕ್ಕ ಬಂದ್ರ, ಮದಲ ಕುಣೀರಿ ಅಂತೀರೇನ್ರಿ?" ನಗುತ್ತಲೇ ಕೇಳಿ, ಮುಕ್ಕಾಲು ತಾಸು ಮಾತಾಡಿದರು. ಕೇಳುತ್ತ ಕೂತ ನನಗೆ ಎದೆಯುಬ್ಬಿತು.

ಹುಕ್ಕೇರಿಗೆ ಬರುವಾಗ ಬಸ್ಸಿನಲ್ಲಿ ಮಗಳ ವಿಷಯ ತೆಗೆದರು. "ಶಾಂತಾ ನಿಮ್ಮ ಊರಾಗ ನರ್ಸ್ ಆಗ್ಯಾಳ್ರಿ. ಫೋನ್ ಮಾಡಿದ್ರ ಬಾಡಿಗಿಗಿ ಖೋಲಿ ಐತಿ ಅಂತಾರ. ಮಾರಿ ನೋಡಿದ ಮ್ಯಾಲ, ನಿನ್ನೆನ ಕೊಟ್ಟೇವಿ ಅಂತಾರ. ಸೋಮವಾರ ಕೆಲಸಕ್ಕ ಹಾಜರಾಗಬೇಕು, ಅಷ್ಟರಾಗ ಸಿಗಲಿಲ್ಲಂದ್ರ ನೌಕರಿ ಬಿಡಬೇಕು."

ನಮ್ಮ ಮಹಡಿಯ ಮೇಲಿನ ಖೋಲಿ ಎರಡು ತಿಂಗಳಿಂದ ಖಾಲಿ. ಕೇಳಿದವರಿಗೆಲ್ಲ 'ನಮ್ಮವರಿಗಷ್ಟೇ' ಎಂದಿದ್ದೆ. "ನೋಡೂಣ್ರಿ" ಎಂದು ಕಿಟಕಿಯಾಚೆಯ ಕಬ್ಬು ನೋಡುತ್ತ ಕೂತೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಹುಕ್ಕೇರಿಯ ಸಭೆ. ಹೊದಿಸಿದ ಶಾಲನ್ನು ಮಂಗಲಾಬಾಯಿ ಮಡಚಿ ಮೇಜಿನ ಮೇಲಿಟ್ಟರು.

"ಇದನ್ನ ವಾಪಸ್ ತಗೊಳ್ರಿ. ಇಲ್ಲಿ ಮನಿ ಇದ್ದವರು ಭಾಳ ಮಂದಿ ಕುಂತೀರಿ. ನನ್ನ ಮಗಳಿಗಿ ಒಂದು ಖೋಲಿ ಬಾಡಿಗಿ ಕೊಡ್ರಿ."

ಅಷ್ಟು ಹೊತ್ತು ಚಪ್ಪಾಳೆ ತಟ್ಟಿದ ಕೈಗಳು ಸೆರಗು ಸರಿಮಾಡಿಕೊಳ್ಳತೊಡಗಿದವು. ನನ್ನ ಕೈಯೂ. ಕಡೆಗೆ ಸೆರಗು ಬಿಟ್ಟು ಎದ್ದು ನಿಂತೆ. "ನಮ್ಮ ಮನಿ ಮ್ಯಾಲ ಐತ್ರಿ."

ಸಭೆ ಮುಗಿಸಿ ಮಂಗಲಾಬಾಯಿ, ಹಿಂದಿನ ಸಾಲಿನಲ್ಲಿ ಕೂತಿದ್ದ ಮಗಳು ಶಾಂತಾ, ಇಬ್ಬರೂ ನನ್ನ ಜೊತೆಗೇ ಮನೆಗೆ ಬಂದರು. ಮಂಗಲಾಬಾಯಿ ಖೋಲಿಯ ಚಿಲಕ ಹಾಕಿ ತೆಗೆದರು, ನಳ ತಿರುಗಿಸಿದರು, ಬಾಡಿಗೆ ಕೇಳಿ ಒಪ್ಪಿದರು. ಆಮೇಲೆ ಮೆಟ್ಟಿಲಲ್ಲೇ ನಿಂತು ನನ್ನತ್ತ ನೋಡಿದರು.

"ಒಂದ ಮಾತು ಕೇಳ್ತೇನ್ರಿ ಅಕ್ಕಾರ. ಈಕಿ ನಿಮ್ಮ ಅಡಗಿಮನಿಗೂ ಬರಬಹುದೋ, ಮೆಟ್ಟಲಾ ಹತ್ತಿ ಇಳಿಯೋದಷ್ಟನೋ?"

ಅಲ್ಲಿಯವರೆಗೆ ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಅಡುಗೆಮನೆಗೆ ಹೋಗಿ, ಒಲೆಯ ಪಕ್ಕ ಮೂರು ಮಣೆ ಹಾಕಿ, ಇಬ್ಬರನ್ನೂ ಒಳಗೆ ಕರೆದೆ.